ಕತ್ತಿನಿಂದ ಕೆಳಗೆ ಸ್ವಾಧೀನ ಇಲ್ಲದವರು ಕಂಪ್ಯೂಟರ್ ಬಳಸಲು ಏನು ಬೇಕು?

ಅಡಿಕೆ ಮರದಿಂದ ಬಿದ್ದು ಕೈಕಾಲು ಸ್ವಾಧೀನ ತಪ್ಪಿರುವ ನಿಮ್ಮ ತಮ್ಮನಿಗೆ, ಕಣ್ಣಿನ ನೋಟದಿಂದ ನಡೆಯುವ ದುಬಾರಿ ಯಂತ್ರವೇ ಬೇಕಾ ಎಂದು ಕೇಳಿದ್ದೀರಿ. ಸದ್ಯಕ್ಕಂತೂ ಬೇಡ. ತಲೆ ಆಡಿಸಲು ಬರುತ್ತದೆ, ಮಾತೂ ಸ್ಪಷ್ಟವಾಗಿದೆ ಎಂದು ನೀವೇ ಬರೆದಿದ್ದೀರಲ್ಲ, ಹಾಗಿದ್ದರೆ ಮನೆಯಲ್ಲಿರುವ ಲ್ಯಾಪ್‌ಟಾಪೇ ಸಾಕು. ನನಗೂ ಕೈ ಆಡುವುದಿಲ್ಲ, ಈ ಉತ್ತರ ಬರೆದದ್ದೂ ಅಂಥದ್ದೊಂದರಲ್ಲೇ.

ಅಮೆರಿಕದ ಬಾಸ್ಟನ್ ಕಾಲೇಜಿನಲ್ಲಿ ತಯಾರಾದ ಕ್ಯಾಮೆರಾ ಮೌಸ್ ಎಂಬ ಸಾಫ್ಟ್‌ವೇರ್ ಇದೆ, ವಿಂಡೋಸ್‌ಗೆ, ಉಚಿತ. ವೆಬ್‌ಕ್ಯಾಮ್‌ನಲ್ಲಿ ಕಾಣುವ ಮುಖದಲ್ಲಿ ಮೂಗಿನ ತುದಿಯ ಮೇಲೆ ನೀವು ಒಮ್ಮೆ ಕ್ಲಿಕ್ ಮಾಡಿಕೊಡಬೇಕು, ಆಮೇಲೆ ಮೂಗು ಹೋದ ಕಡೆ ಪರದೆ ಮೇಲಿನ ಮೌಸ್ ಬಾಣ ಹೋಗುತ್ತದೆ. ಒಂದೇ ಕಡೆ ಸ್ವಲ್ಪ ಹೊತ್ತು ನಿಲ್ಲಿಸಿದರೆ ಅದೇ ಕ್ಲಿಕ್. ಎಷ್ಟು ಹೊತ್ತು ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು. ಶುರುವಿಗೆ ಜಾಸ್ತಿಯೇ ಇಡಿ. ಅರ್ಧ ಸೆಕೆಂಡ್ ಇಟ್ಟರೆ ಸುಮ್ನೆ ಓದುತ್ತಾ ಕೂತಾಗಲೂ ಬೇಡದ ಜಾಹೀರಾತೆಲ್ಲ ತೆರೆದುಕೊಳ್ಳುತ್ತದೆ, ಮೊದಲ ದಿನವೇ ಬೇಜಾರು ಬಂದುಬಿಡುತ್ತದೆ. ಇನ್ನೊಂದು, ಬೆನ್ನ ಹಿಂದೆ ಕಿಟಕಿ ಇರಬಾರದು. ಮುಖ ಕಪ್ಪಾಗಿ ಕಂಡರೆ ಕ್ಯಾಮೆರಾಗೆ ಮೂಗಿನ ಗುರುತು ತಪ್ಪುತ್ತದೆ, ಬಾಣ ಯಾವುದೋ ಮೂಲೆ ಸೇರುತ್ತದೆ, ಮತ್ತೆ ಮೂಗು ತೋರಿಸಿಕೊಡಲು ಅಡುಗೆಮನೆಯಿಂದ ಯಾರನ್ನಾದರೂ ಕೂಗಬೇಕು. ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಟ್ಟರೂ ಕಷ್ಟ, ಅದಕ್ಕೆ ಕಾಣುವುದು ಗದ್ದ ಮಾತ್ರ. ಕಣ್ಣಿನ ಎತ್ತರಕ್ಕೆ ಬರುವ ಹಾಗೆ ಏನಾದರೂ ಗಟ್ಟಿಯಾದದ್ದರ ಮೇಲೆ ಇಡಿ.

ಟೈಪಿಂಗ್‌ಗೆ ಮೂಗು ನಿಧಾನ. ಕನ್ನಡ ಬರೆಯಲು ಗೂಗಲ್ ಡಾಕ್ಸ್‌ನ ವಾಯ್ಸ್ ಟೈಪಿಂಗ್ ಬಳಸಿ, ಹೇಳಿದ್ದು ಕನ್ನಡದಲ್ಲೇ ಮೂಡುತ್ತದೆ. ವಿಂಡೋಸ್ 11 ಇದ್ದರೆ ಮಾತಿನಿಂದಲೇ ಕಂಪ್ಯೂಟರ್ ನಡೆಸುವ ವಾಯ್ಸ್ ಆಕ್ಸೆಸ್ ಅದರಲ್ಲೇ ಇದೆ. 'ಶೋ ನಂಬರ್ಸ್' ಅಂದರೆ ಪರದೆ ಮೇಲಿನ ಪ್ರತಿ ಬಟನ್ನಿಗೂ ಒಂದೊಂದು ಸಂಖ್ಯೆ ಬರುತ್ತದೆ, ಸಂಖ್ಯೆ ಹೇಳಿದರೆ ಕ್ಲಿಕ್ ಆಗುತ್ತದೆ. ಆದರೆ ಇಂಗ್ಲಿಷಿನಲ್ಲಿ ಹೇಳಬೇಕು.

ಕಣ್ಣಿನ ಯಂತ್ರದ ಯೋಚನೆ ತಲೆಯೂ ಆಡದವರಿಗೆ. ಅವರಿಗೂ ಅದೊಂದೇ ದಾರಿ ಅಂತೇನಿಲ್ಲ. ಮೈಯೆಲ್ಲ ಸ್ವಾಧೀನ ತಪ್ಪಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೊನೆಯ ವರ್ಷಗಳಲ್ಲಿ ಬರೆಯುತ್ತಿದ್ದದ್ದು ಕೆನ್ನೆಯ ಒಂದು ಸ್ನಾಯುವಿನಿಂದ. ಪರದೆ ಮೇಲಿನ ಅಕ್ಷರಗಳ ಮೇಲೆ ಗುರುತು ತಾನಾಗಿ ಸರಿಯುತ್ತಿರುತ್ತದೆ, ಬೇಕಾದದ್ದು ಬಂದಾಗ ಕೆನ್ನೆ ಅಲುಗಿಸುವುದು, ಕನ್ನಡಕಕ್ಕೆ ಸಿಕ್ಕಿಸಿದ ಸೆನ್ಸರ್ ಅದನ್ನು ಹಿಡಿಯುತ್ತಿತ್ತು. ಅವರಿಗಾಗಿ ಇಂಟೆಲ್ ಮಾಡಿಕೊಟ್ಟ ಆ ಸಾಫ್ಟ್‌ವೇರ್, ಎಸಿಎಟಿ, 2015ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ.

ಒಂದೇ ಸಲ ಗಂಟೆಗಟ್ಟಲೆ ಕೂರಿಸಬೇಡಿ, ಕತ್ತು ಹಿಡಿದುಕೊಳ್ಳುತ್ತದೆ. ಗಾಯ ಹೊಸದಾಗಿದ್ದರೆ ತಲೆ ಎಷ್ಟು ತಿರುಗಿಸಬಹುದು ಎಂದು ಡಾಕ್ಟರನ್ನು ಕೇಳಿಯೇ ಶುರು ಮಾಡಿ.