ಗ್ಲೋವರ್‌ನ ಹೂದೋಟ, ಅದರ ಹಿಂದಿನ ಗುಡ್ಡ

ಪ್ರಿಯ ಮೇಡಂ,

ಕಳೆದ ಸಂಚಿಕೆಯ ಹಿಂಬದಿ ರಕ್ಷಾಪುಟದಲ್ಲಿ ಹಾಕಿದ್ದ ಜಾನ್ ಗ್ಲೋವರ್‌ನ ಚಿತ್ರ ನಿಮಗೆ ತುಂಬಾ ಹಿಡಿಸಿತು, ಅದರ ಕೆಳಗೆ ನಾವು ಬರೆದ ಸಾಲು ಹಿಡಿಸಲಿಲ್ಲ ಎಂದು ಶಿರಸಿಯಿಂದ ಬರೆದಿದ್ದೀರಿ. ‘ಈ ತೋಟ ಎದ್ದ ಸೀಮೆಯಿಂದ ಮೂಲನಿವಾಸಿಗಳನ್ನು ಕೆಲವೇ ವರ್ಷಗಳ ಹಿಂದೆ ಓಡಿಸಲಾಗಿತ್ತು’ ಎಂಬ ಸಾಲು ಅದು. ‘ವಯಸ್ಸಾದವನೊಬ್ಬ ಮನೆ ಕಟ್ಟಿಕೊಂಡು, ಗುಲಾಬಿ ಬೆಳೆಸಿ, ಅದರ ಚಿತ್ರ ಬರೆದಿದ್ದಾನೆ. ಅದಕ್ಕೂ ರಕ್ತ ಮೆತ್ತಬೇಕಾ? ಚಿತ್ರವನ್ನು ಸುಮ್ನೆ ಚಿತ್ರವಾಗಿ ನೋಡಬಾರದಾ?’ ಎಂದು ಕೇಳಿದ್ದೀರಿ. ಈ ಮಾತು ಇನ್ನೂ ಹಲವರ ಮನಸ್ಸಿನಲ್ಲಿ ಇರಬಹುದು. ಹಾಗಾಗಿ ಉತ್ತರವನ್ನು ಇಲ್ಲೇ ಅಚ್ಚು ಹಾಕುತ್ತಿದ್ದೇನೆ.

ನೀವು ಹೇಳಿದ ಹಾಗೆ ಮೊದಲು ಚಿತ್ರವನ್ನೇ ನೋಡೋಣ. 1835ರ ತೈಲಚಿತ್ರ ಇದು. ಜಾಗ ವ್ಯಾನ್ ಡೀಮನ್ಸ್ ಲ್ಯಾಂಡ್‌ನ, ಅಂದರೆ ಆಸ್ಟ್ರೇಲಿಯಾದ ಈಗಿನ ಟ್ಯಾಸ್ಮೇನಿಯಾ ದ್ವೀಪದ, ಮಿಲ್ಸ್ ಪ್ಲೇನ್ಸ್. ಗ್ಲೋವರ್ ಇಂಗ್ಲೆಂಡಿನಲ್ಲಿ ಆಗಲೇ ಹೆಸರು ಮಾಡಿದ್ದ ಕಲಾವಿದ. 1831ರಲ್ಲಿ, 64ನೇ ವಯಸ್ಸಿನಲ್ಲಿ, ಹಡಗು ಹತ್ತಿ ಅಲ್ಲಿಗೆ ಬಂದ. ಮರುವರ್ಷ ಮಿಲ್ಸ್ ಪ್ಲೇನ್ಸ್‌ನಲ್ಲಿ ದೊಡ್ಡ ಜಮೀನು ಸಿಕ್ಕಿತು. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ತಾನು ಮೆಚ್ಚಿದ ಪ್ಯಾಟರ್‌ಡೇಲ್ ಊರಿನ ಹೆಸರನ್ನೇ ಅದಕ್ಕಿಟ್ಟ. ಕಲ್ಲಿನ ಮನೆ ಕಟ್ಟಿಸಿದ. ಪಕ್ಕದಲ್ಲಿ ಚಿತ್ರಗಳನ್ನಿಡಲು ಒಂದು ಕೋಣೆ ಎಬ್ಬಿಸಿದ.

ಹೂದೋಟವನ್ನು ನೀವು ಮೆಚ್ಚಿದ್ದು ಸರಿಯಾಗಿದೆ. ಗುಲಾಬಿ, ಜೆರೇನಿಯಂ ಎಲ್ಲ ಒಂದಕ್ಕೊಂದು ಒತ್ತಿಕೊಂಡು, ಎಲೆಯ ನಡುವೆ ಮಣ್ಣೂ ಕಾಣದ ಹಾಗೆ ಬೆಳೆದಿವೆ. ಈಗ ಕಣ್ಣನ್ನು ಮನೆಯ ಹಿಂದಿನ ಗುಡ್ಡಕ್ಕೆ ಎತ್ತಿ. ಅಲ್ಲಿ ಲೆಕ್ಕ ಬೇರೆ. ನೀಲಗಿರಿ ಜಾತಿಯ ಮರಗಳು ದೂರ ದೂರ ನಿಂತಿವೆ. ನಡುವೆ ಒಣಹುಲ್ಲು, ಬಿಸಿಲು. ಇಲ್ಲಿನ ಮರ ಎಷ್ಟೇ ಇದ್ದರೂ ಅವುಗಳ ಸಂದಿಯಿಂದ ಆಚೆಯ ಸೀಮೆ ಕಾಣುತ್ತದೆ ಎಂದು ಗ್ಲೋವರ್ ಖುದ್ದಾಗಿ ಗುರುತಿಸಿದ್ದ. ಬಂದ ನಾಲ್ಕೇ ವರ್ಷದಲ್ಲಿ ಹೊಸ ನೆಲದ ಮರವನ್ನು ಹೀಗೆ ಹಿಡಿಯುವುದು ಸಣ್ಣ ಮಾತಲ್ಲ. ಇಂಗ್ಲೆಂಡಿನಿಂದ ಹೋದ ಎಷ್ಟೋ ಕಲಾವಿದರು ಅಲ್ಲಿನ ಮರಕ್ಕೂ ಓಕ್ ಮರದ ತಲೆಯನ್ನೇ ಕೂರಿಸುತ್ತಿದ್ದರು.

ಆದರೆ ಆ ಸೀಮೆ ಅಷ್ಟು ಬಯಲಾಗಿ ಇದ್ದದ್ದು ಯಾಕೆ? ಮೂಲನಿವಾಸಿಗಳು ಕಾಲಕಾಲಕ್ಕೆ ಹುಲ್ಲಿಗೆ ಬೆಂಕಿ ಹಾಕುತ್ತಿದ್ದರು. ಹೊಸ ಹುಲ್ಲು ಚಿಗುರಿದರೆ ಕಾಂಗರೂ ಮೇಯಲು ಬರುತ್ತವೆ, ಬೇಟೆ ಸುಲಭ. ಎಷ್ಟೋ ತಲೆಮಾರು ಹೀಗೆ ಮಾಡಿದ್ದರಿಂದ ಅಲ್ಲಿ ಕಾಡು ದಟ್ಟವಾಗದೆ ಹುಲ್ಲುಗಾವಲು ಉಳಿಯಿತು. ವಲಸೆ ಬಂದವರು ಕುರಿ ಬಿಟ್ಟದ್ದು ಅದೇ ಬಯಲಿಗೆ. ಚಿತ್ರದಲ್ಲಿ ಮೂಲನಿವಾಸಿಗಳು ಒಬ್ಬರೂ ಇಲ್ಲ, ಅವರ ಕೈಕೆಲಸ ಮಾತ್ರ ಮನೆಯ ಹಿಂದೆಯೇ ಇದೆ.

ಅವರು ಏನಾದರು ಎಂಬುದು ದಾಖಲೆಯಲ್ಲಿದೆ. 1820ರ ದಶಕದ ನಡುವಿನಿಂದ ವಲಸಿಗರಿಗೂ ಅವರಿಗೂ ಘೋರ ಕಾದಾಟ ನಡೆಯಿತು. 1830ರಲ್ಲಿ ಸರ್ಕಾರ ಸೈನಿಕರು, ವಲಸಿಗರು, ಕೈದಿಗಳು ಸೇರಿ 2,000ಕ್ಕೂ ಹೆಚ್ಚು ಜನರನ್ನು ಸಾಲಾಗಿ ನಿಲ್ಲಿಸಿ, ಸೊಪ್ಪುಬೇಟೆಯ ಹಾಗೆ ಅವರನ್ನು ಅಟ್ಟಲು ಹೊರಟಿತು. ಉಳಿದವರಲ್ಲಿ ಹೆಚ್ಚಿನವರನ್ನು ಮುಂದೆ ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ಕಾಯಿಲೆ ಬಿದ್ದು ಒಬ್ಬೊಬ್ಬರೇ ಸತ್ತರು. 1847ರಲ್ಲಿ ಆ ದ್ವೀಪ ಬಿಟ್ಟು ವಾಪಸ್ ಬಂದವರು 47 ಜನ. ಆ ಜನಾಂಗದ ಸಂತತಿ ಟ್ಯಾಸ್ಮೇನಿಯಾದಲ್ಲಿ ಇಂದಿಗೂ ಇದೆ.

ಇದೆಲ್ಲ ನಾವು ಹೊರಗಿನಿಂದ ತಂದು ಅಂಟಿಸಿದ್ದು ಅಂತ ನಿಮಗೆ ಅನ್ನಿಸಿದೆ, ಅಲ್ವಾ? ಗ್ಲೋವರ್‌ಗೆ ಹಾಗೆ ಅನ್ನಿಸಿರಲಿಲ್ಲ. ಆ ದ್ವೀಪದ ಮುಖ್ಯ ಪಟ್ಟಣ ಹೋಬಾರ್ಟ್‌ನಲ್ಲಿ ಮೂಲನಿವಾಸಿಗಳನ್ನು ಕಣ್ಣಾರೆ ಕಂಡು ರೇಖಾಚಿತ್ರ ಬರೆದುಕೊಂಡಿದ್ದ. 1832ರಲ್ಲೇ ಇನ್ನೊಂದು ಚಿತ್ರ ಬರೆದ. ಅದೇ ಮಿಲ್ಸ್ ಪ್ಲೇನ್ಸ್, ಆದರೆ ಮನೆ ಇಲ್ಲ, ತೋಟ ಇಲ್ಲ. ಸೊಟ್ಟಂಬಟ್ಟ ಕೊಂಬೆಗಳ ದೊಡ್ಡ ಮರಗಳ ಅಡಿಯಲ್ಲಿ ಚಿಕ್ಕ ಚಿಕ್ಕ ಮನುಷ್ಯರು ಕುಣಿಯುತ್ತಿದ್ದಾರೆ. ಬಿಳಿಯರು ಬರುವ ಮುಂಚೆ ಈ ಜನ ಎಷ್ಟು ಖುಷಿಯಾಗಿದ್ದರು ಎಂದು ತೋರಿಸುವುದೇ ತನ್ನ ಉದ್ದೇಶ ಎಂದು ಇಂಥದ್ದೇ ಮತ್ತೊಂದು ಚಿತ್ರದ ಬಗ್ಗೆ ಪತ್ರದಲ್ಲಿ ಬರೆದಿದ್ದಾನೆ. 1835ರಲ್ಲಿ ಲಂಡನ್ನಿನಲ್ಲಿ ತನ್ನ ಚಿತ್ರಗಳ ಪ್ರದರ್ಶನ ಇಟ್ಟಾಗ, ವ್ಯಾನ್ ಡೀಮನ್ಸ್ ಲ್ಯಾಂಡ್‌ನ ನಿಸರ್ಗದ ಜೊತೆ ಅಲ್ಲಿನ ನಿವಾಸಿಗಳ ಬದುಕನ್ನೂ ತೋರಿಸುತ್ತೇನೆ ಎಂದೇ ಹೇಳಿದ್ದ. ಅವನು ಒಟ್ಟಿಗೆ ಇಟ್ಟದ್ದನ್ನು ನಾವು ಯಾಕೆ ಬೇರೆ ಮಾಡಬೇಕು ಹೇಳಿ.

ಗ್ಲೋವರ್‌ನನ್ನು ಕಟಕಟೆಯಲ್ಲಿ ನಿಲ್ಲಿಸುವ ಆಸೆ ನನಗಿಲ್ಲ. ತೋಟ ಅವನಿಗೆ ನಿಜವಾಗಿ ಪ್ರೀತಿಯದು. ಆದರೆ ಯಾರ ನೆಲದಲ್ಲಿ ಗುಲಾಬಿ ನೆಟ್ಟಿದ್ದೇನೆ ಎಂಬುದೂ ಅವನಿಗೆ ಗೊತ್ತಿತ್ತು. ಅದು ತಿಳಿದ ಮೇಲೆ ನನಗೆ ಆ ಗುಡ್ಡ ಇನ್ನೂ ಜಾಸ್ತಿ ಕಾಣುತ್ತದೆ, ಹೂವೇನೂ ಬಾಡುವುದಿಲ್ಲ.

ಮನೆ ಇನ್ನೂ ಇದೆಯೇ ಎಂದೂ ಕೇಳಿದ್ದೀರಿ. ಇದೆ. ಪಾಳುಬಿದ್ದಿದ್ದ ಅದನ್ನು ಈಚೆಗೆ ರಿಪೇರಿ ಮಾಡಿ, ಚಿತ್ರವನ್ನೇ ಮುಂದಿಟ್ಟುಕೊಂಡು ತೋಟವನ್ನೂ ಮತ್ತೆ ಬೆಳೆಸಿದ್ದಾರೆ. 1849ರಲ್ಲಿ ತೀರಿಕೊಂಡ ಗ್ಲೋವರ್‌ನ ಸಮಾಧಿ ಹತ್ತಿರದ ಡೆಡಿಂಗ್ಟನ್‌ನಲ್ಲಿದೆ.

1835ರ ತೋಟದ ಚಿತ್ರ, 1832ರ ಕುಣಿತದ ಚಿತ್ರ ಎರಡೂ ಅಡಿಲೇಡ್‌ನ ಆರ್ಟ್ ಗ್ಯಾಲರಿ ಆಫ್ ಸೌತ್ ಆಸ್ಟ್ರೇಲಿಯಾದಲ್ಲಿವೆ. ಮುಂದಿನ ಸಂಚಿಕೆಯ ನಡುಪುಟದಲ್ಲಿ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕುತ್ತೇವೆ. ಆ ಸಾಲೂ ಹಾಗೇ ಇರುತ್ತದೆ. ನೋಡಿ, ಮತ್ತೆ ಬರೆಯಿರಿ.

– ಸಂಪಾದಕ