ಎರಡು ಊರಿನ ಸಂಸಾರ, ಒಂದು ಸಂಬಳ, ಮೂರು ಕಾರ್ಡು

ತಂಗಿ, ನೀನು ಬರೆದಿದ್ದನ್ನ ಪೂರ್ತಿ ಓದಿದೆ. ಏಕವಚನದಲ್ಲೇ ಬರೀತೀನಿ, ಬೇಜಾರಾಗಬೇಡ. ನನ್ನ ಕೊನೇ ತಂಗಿಗಿಂತ ಚಿಕ್ಕವಳು ನೀನು. ಹಾಸನದಿಂದ ಡಲ್ಲಾಸ್ ಪಕ್ಕಕ್ಕೆ ಬಂದು ಒಂದೂವರೆ ವರ್ಷ. ಯಜಮಾನರದು ಎಚ್-1ಬಿ ಅನ್ನೋ ಕೆಲಸದ ವೀಸಾ, ನಿನ್ನದು ಅವರನ್ನ ಅವಲಂಬಿಸಿದ ಎಚ್-4. ನಾಲ್ಕು ವರ್ಷದ ಮಗಳು, ಹೊಟ್ಟೆಯಲ್ಲಿ ಇನ್ನೊಂದು. ಬ್ಯಾಂಕಿನ ಎರಡು ಕಾರ್ಡಿನ ಮೇಲೆ 6,200 ಮತ್ತು 5,000, ಫರ್ನಿಚರ್ ಅಂಗಡಿಯ ಕಾರ್ಡಿನ ಮೇಲೆ 2,800, ಒಟ್ಟು 14,000 ಡಾಲರ್. 'ಅಕ್ಕ, ನಾವು ದುಂದು ಮಾಡಿದವರಲ್ಲ, ಆದರೂ ಹೇಗಾಯ್ತು? ಮಾವನವರ ಹೆಸರಲ್ಲಿರೋ ಸೈಟು ಮಾರಿಸೋಣ ಅಂತಾರೆ ಇವರು' ಅಂತ ಕೇಳಿದ್ದೀಯ.

ಸೈಟು ಮಾರಿಸಬೇಡಿ. ಅಷ್ಟು ದೊಡ್ಡ ಕಾಯಿಲೆ ಅಲ್ಲ ಇದು. ಆದರೆ ಕಾಯಿಲೆ ಎಲ್ಲಿದೆ ಅಂತ ನೀವಿಬ್ಬರೂ ಇನ್ನೂ ನೋಡಿಲ್ಲ ಅಂತ ಅನ್ನಿಸ್ತಿದೆ.

ದುಂದು ಮಾಡಿಲ್ಲ ಅನ್ನೋದನ್ನ ನಂಬ್ತೀನಿ. ಬಂದ ಹೊಸದರಲ್ಲಿ ಅಪಾರ್ಟ್‌ಮೆಂಟ್ ಡೆಪಾಸಿಟ್, ಹಾಸಿಗೆ, ಕಾರಿನ ಡೌನ್ ಪೇಮೆಂಟ್, ಮಗುವಿನ ಕಾರ್ ಸೀಟು ಎಲ್ಲಾ ಒಟ್ಟಿಗೇ ಬೀಳುತ್ತೆ. ಕ್ರೆಡಿಟ್ ಹಿಸ್ಟರಿ ಇಲ್ಲ ಅಂತ ಕಾರ್ ಸಾಲದ ಬಡ್ಡೀನೂ ಜಾಸ್ತಿ. ಇದು ಎಲ್ಲರಿಗೂ ಆಗೋದೇ. ನಿನ್ನ ಪಟ್ಟಿಯಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ಪ್ರತಿ ತಿಂಗಳು ಸಂಬಳ ಬಂದ ದಿನವೇ ಊರಿಗೆ 500 ಡಾಲರ್. ಹಾಸನದಲ್ಲಿ ಚೀಟಿಗೆ ಹತ್ತು ಸಾವಿರ ರೂಪಾಯಿ. ಎಲ್‌ಐಸಿ ಕಂತು ಬೇರೆ. ಹೋದ ಬೇಸಿಗೆಯಲ್ಲಿ ನಾದಿನಿ ಮದುವೆಗೆ ಮೂರು ಟಿಕೆಟ್ಟು. ಇದೆಲ್ಲಾ ಮರ್ಯಾದೆಯ ಖರ್ಚು, ಒಂದು ದಿನವೂ ತಡವಾಗಲ್ಲ, ಎಲ್ಲಾ ಬ್ಯಾಂಕ್ ಖಾತೆಯಿಂದಲೇ ಹೋಗುತ್ತೆ. ಆಮೇಲೆ ಖಾತೆ ಖಾಲಿ, ಇಲ್ಲಿನ ಅಕ್ಕಿ ಬೇಳೆ ಹಾಲು ಕಾರ್ಡಿಗೆ. ಅಂದರೆ ಊರಿನ ಮನೆಗೆ ನಗದು, ಇಲ್ಲಿನ ಅಡುಗೆಮನೆಗೆ ಸಾಲ. ಮೈದುನನ ಕಾಲೇಜು ಫೀಸನ್ನ ನೀವು ಶೇಕಡ 24ರ ಬಡ್ಡಿಗೆ ಸಾಲ ತಂದು ಕಟ್ಟಿದ ಹಾಗಾಯ್ತು. ಇದನ್ನ ಅವರಿಗೂ ಯಾರೂ ಹೇಳಿಲ್ಲ, ನಿಮಗೂ ಹಾಗೆ ಕಂಡಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಉಪದೇಶ ಮಾಡೋರು ಇಲ್ಲಿ ಬೇಕಾದಷ್ಟು ಸಿಗ್ತಾರೆ. ಎರಡು ಊರಿನಲ್ಲಿ ಹಾಸಿಗೆ ಹಾಸಿಕೊಂಡವರಿಗೆ ಆ ಗಾದೆಯಿಂದ ಏನೂ ಉಪಯೋಗ ಇಲ್ಲ.

ಹಾಗಾಗಿ ಮೊದಲು ಒಂದೇ ಹಾಳೆಯಲ್ಲಿ ಎರಡೂ ಊರಿನ ಖರ್ಚು ಬರೀರಿ, ಎಲ್ಲಾ ಡಾಲರಿನಲ್ಲೇ. ನೀನು ಕೊಟ್ಟ ಅಂಕಿಗಳನ್ನ ನಾನೇ ಕೂಡಿದೆ. ಎರಡು ವಾರಕ್ಕೊಮ್ಮೆ 3,050 ಕೈಗೆ ಬರುತ್ತೆ, ತಿಂಗಳಿಗೆ 6,100. ಬಾಡಿಗೆ 2,150, ಕಾರಿನ ಕಂತು 480, ಇನ್ಶೂರೆನ್ಸ್ 210, ಕರೆಂಟು ಫೋನು ಇಂಟರ್‌ನೆಟ್ 320, ಪೆಟ್ರೋಲು 180, ದಿನಸಿ 800, ಊರಿಗೆ 500, ಚೀಟಿಗೆ 115ರ ಆಸುಪಾಸು. ಹೊರಗಿನ ಊಟ, ಮಗಳ ಖರ್ಚು, ಎಲ್‌ಐಸಿ ಎಲ್ಲಾ ಸೇರಿ 450 ಇಡು. ಆದರೂ ಸುಮಾರು 900 ಉಳೀಬೇಕು. ನಿಮ್ಮ ಕಣ್ಣಿಗೆ ಅದು ಕಾಣ್ತಾನೇ ಇಲ್ಲ, ಯಾಕೆಂದರೆ ಈ ತಿಂಗಳ ದಿನಸಿ ಹಳೇ ಸಾಲದ ಜೊತೆ ಕಲಸಿಹೋಗಿದೆ.

ಇಲ್ಲೇ ಯಜಮಾನರ ಕ್ಯಾಶ್‌ಬ್ಯಾಕ್ ವಾದ ಬರೋದು. ದಿನಸಿಗೆ ಶೇ 3 ವಾಪಸ್ ಬರುತ್ತೆ, ಅದಕ್ಕೇ ಕಾರ್ಡು ಉಜ್ತೀವಿ ಅಂತಾರಲ್ಲ. ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟೋರಿಗೆ ಆ ಮಾತು ಸರಿ. ಅವರಿಗೆ ಸ್ಟೇಟ್‌ಮೆಂಟ್ ಬಂದ ಮೇಲೆ ಕಡಿಮೆ ಅಂದರೂ 21 ದಿನ ಬಡ್ಡಿಯಿಲ್ಲದ ಅವಧಿ ಇರುತ್ತೆ. ಬಾಕಿ ಉಳಿಸಿಕೊಂಡ ಕಾರ್ಡಿಗೆ ಆ ಅವಧಿ ಇರಲ್ಲ. ಇವತ್ತು ತಂದ ಕೊತ್ತಂಬರಿ ಸೊಪ್ಪಿಗೂ ಇವತ್ತಿನಿಂದಲೇ ಬಡ್ಡಿ, ಅದೂ ದಿನದ ಲೆಕ್ಕದಲ್ಲಿ. 800ಕ್ಕೆ 24 ಡಾಲರ್ ವಾಪಸ್ ಬಂದರೆ ಅದರಲ್ಲಿ ಅರ್ಧದಷ್ಟು ಅಲ್ಲೇ ಬಡ್ಡಿಗೆ ಹೋಗುತ್ತೆ. ಮಿಕ್ಕ ಹತ್ತು ಹನ್ನೆರಡು ಡಾಲರ್ ಆಸೆಗೆ, ಸಾಲ ಇಳೀತಿದೆಯೋ ಏರ್ತಿದೆಯೋ ಅನ್ನೋದೇ ಗೊತ್ತಾಗದ ಹಾಗೆ ಮಾಡಿಕೊಂಡಿದ್ದೀರ. ಸಾಲ ತೀರೋವರೆಗೆ ದಿನಸಿ, ಪೆಟ್ರೋಲು ಎಲ್ಲಾ ಡೆಬಿಟ್ ಕಾರ್ಡಿನಲ್ಲಿ. ಕ್ರೆಡಿಟ್ ಕಾರ್ಡುಗಳನ್ನ ಫೋನಿನಿಂದ, ಶಾಪಿಂಗ್ ಆಪ್‌ಗಳಿಂದ ತೆಗೆದುಬಿಡಿ. ಕ್ಲೋಸ್ ಮಾಡಬೇಡಿ, ಡ್ರಾಯರಿನಲ್ಲಿ ಇಡಿ.

ಈಗ ಯಾವುದನ್ನ ಮೊದಲು ತೀರಿಸೋದು? 'ಫರ್ನಿಚರ್ ಕಾರ್ಡಿಗೆ ಬಡ್ಡಿ ಸೊನ್ನೆ, ಅದು ಕೊನೇಗೆ' ಅಂತ ಬರೆದಿದ್ದೀಯ. ನಿನ್ನ ಪತ್ರದಲ್ಲಿ ನನಗೆ ಗಾಬರಿಯಾಗಿದ್ದು ಇದೊಂದೇ ಸಾಲಿಗೆ. ಆ ಸೋಫಾ, ಮಂಚ ತಂದು ಎಂಟು ತಿಂಗಳು. ಹನ್ನೆರಡು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ ಅಂತ ಅಂಗಡಿಯವರು ಹೇಳಿದ್ದು ನಿಜ. ಆದರೆ ಇಂಥ ಸ್ಕೀಮಿನಲ್ಲಿ ಬಡ್ಡಿ ಮನ್ನಾ ಆಗಿರಲ್ಲ, ಒಂದು ಕಡೆ ಬರೆದಿಟ್ಟುಕೊಂಡಿರ್ತಾರೆ. ಕೊನೇ ದಿನ ಹತ್ತು ಡಾಲರ್ ಬಾಕಿ ಉಳಿದರೂ ಕೊಂಡ ದಿನದಿಂದ ಅಷ್ಟಕ್ಕೂ ಬಡ್ಡಿ ಒಂದೇ ಏಟಿಗೆ ಹಾಕ್ತಾರೆ. 3,600ಕ್ಕೆ ಕೊಂಡಿದ್ದು, ಬಡ್ಡಿ ಶೇ 29.99 ಅಂತ ನೀನೇ ಬರೆದಿದ್ದೀಯ. ಈಗಿನ ಹಾಗೇ ಸಣ್ಣ ಕಂತು ಕಟ್ಟಿಕೊಂಡು ಹೋದರೆ ಹನ್ನೆರಡನೇ ತಿಂಗಳು ಸುಮಾರು 900 ಡಾಲರ್ ತಲೆ ಮೇಲೆ ಬೀಳುತ್ತೆ. ಅದಕ್ಕೇ ಮೊದಲು ಅದು. ಆಮೇಲೆ ಶೇ 24ರ 6,200, ಕೊನೇಗೆ ಶೇ 22ರ 5,000. ಚಿಕ್ಕದನ್ನ ಮೊದಲು ತೀರಿಸಿದರೆ ಉತ್ಸಾಹ ಬರುತ್ತೆ ಅಂತ ಒಂದು ಪಂಥ ಇದೆ. ನಿನ್ನ ಕೇಸಿನಲ್ಲಿ ಎರಡು ದಾರಿಗೂ ಮೊದಲ ಹೆಜ್ಜೆ ಒಂದೇ.

ದುಡ್ಡು ಎಲ್ಲಿಂದ? ನಿಮ್ಮ ಎನ್‌ಆರ್‌ಇ ಎಫ್‌ಡಿಯಿಂದ, ಅಂದರೆ ಹೊರದೇಶದಲ್ಲಿರೋರಿಗೆ ಅಂತ ಇರೋ ಖಾತೆಯಲ್ಲಿ ಊರಿನ ಬ್ಯಾಂಕಿನಲ್ಲಿಟ್ಟ ಠೇವಣಿಯಿಂದ. ಮೂರು ಲಕ್ಷ ಇದೆ, ಶೇ 7 ಬಡ್ಡಿ ಬರ್ತಿದೆ, ಆಪತ್ತಿಗೆ ಅಂತ ಇಟ್ಟಿದ್ದೀವಿ ಅಂದಿದ್ದೀಯ. ತಂಗಿ, ಆಪತ್ತು ಬಂದು ಎಂಟು ತಿಂಗಳಾಯ್ತು. ಅಲ್ಲಿ ಶೇ 7 ಗಳಿಸೋಕೆ ಇಲ್ಲಿ ಶೇ 24 ಕೊಡ್ತಿದ್ದೀರ. ಆ ಶೇ 7ಕ್ಕೂ ಅಮೆರಿಕದಲ್ಲಿ ತೆರಿಗೆ ಇದೆ. ಊರಲ್ಲಿ ತೆರಿಗೆ ಇಲ್ಲ ಅಂದ ಮಾತ್ರಕ್ಕೆ ಇಲ್ಲಿ ಬಿಡಲ್ಲ. ಮೇಲಾಗಿ 2022ರ ಆರಂಭದಲ್ಲಿ ಡಾಲರಿಗೆ 75 ರೂಪಾಯಿ ಆಸುಪಾಸು ಇತ್ತು, ಈಗ ಎಷ್ಟಿದೆ ನೋಡು. ಡಾಲರ್ ಲೆಕ್ಕದಲ್ಲಿ ನಿಮ್ಮ ಎಫ್‌ಡಿ ಬೆಳೆದಿದ್ದೇ ಕಡಿಮೆ. ಎನ್‌ಆರ್‌ಇ ದುಡ್ಡನ್ನ ಇಲ್ಲಿಗೆ ತರಿಸೋಕೆ ಅಡ್ಡಿ ಇಲ್ಲ. ಒಂದೇ ಒಂದು ನೋಡಿಕೋ: ಇಟ್ಟು ಒಂದು ವರ್ಷ ಆಗುವ ಮುಂಚೆ ಮುರಿದರೆ ಬಡ್ಡಿಯೇ ಕೊಡಲ್ಲ. ವರ್ಷ ತುಂಬೋಕೆ ಒಂದೆರಡು ತಿಂಗಳಿದ್ದರೆ ಕಾಯಿ, ಫರ್ನಿಚರ್ ಗಡುವಿಗೆ ಇನ್ನೂ ನಾಲ್ಕು ತಿಂಗಳಿದೆ. ಬಂದಿದ್ದರಲ್ಲಿ 2,800 ಆ ಅಂಗಡಿಗೆ, ಮಿಕ್ಕ ಐನೂರು ಆರುನೂರು ಇಲ್ಲೇ ಸೇವಿಂಗ್ಸಿನಲ್ಲಿ. ಕಾರು ಕೆಟ್ಟರೆ ಅದು ಬೇಕು.

ಚೀಟಿಯನ್ನ ಮಧ್ಯೆ ನಿಲ್ಲಿಸಬೇಡ. ಜಾಮೀನು ನಿಂತವರ ಜೊತೆ ಮುಖ ಕೆಡುತ್ತೆ. ಇನ್ನೂ ಎತ್ತಿಲ್ಲ ಅಂದರೆ ಕೂಗಿನಲ್ಲಿ ಎಷ್ಟು ಕಳೀತಾರೆ ವಿಚಾರಿಸಿ ಯೋಚನೆ ಮಾಡು. ಈ ಚೀಟಿ ಮುಗಿದ ಮೇಲೆ ಹೊಸದಕ್ಕೆ ಸೇರಬೇಡ.

ಊರಿಗೆ ಕಳಿಸೋ 500ರ ವಿಷಯ ಸೂಕ್ಷ್ಮ. ಅತ್ತೆ ಮಾವನ ಔಷಧಿಗೆ ಹೋಗೋ ದುಡ್ಡನ್ನ ಮುಟ್ಟು ಅಂತ ನಾನು ಹೇಳಲ್ಲ. ಆದರೆ ಅದರಲ್ಲಿ ಔಷಧಿಗೆಷ್ಟು, ಮನೆ ಮೇಲೆ ಕಟ್ಟಿಸ್ತಿರೋ ರೂಮಿಗೆಷ್ಟು ಅಂತ ಯಜಮಾನರು ಅಪ್ಪನ ಹತ್ತಿರ ಕೂತು ಮಾತಾಡಲಿ. ನೀನು ಮಾತಾಡಬೇಡ, ಸೊಸೆ ಬಾಯಿಂದ ಬಂದರೆ ಅದು ಬೇರೆಯೇ ಮಾತಾಗುತ್ತೆ. 'ಒಂದು ವರ್ಷ 300 ಕಳಿಸ್ತೀವಿ, ಇಷ್ಟು ಸಾಲ ಇದೆ' ಅಂತ ಅಂಕಿ ಸಮೇತ ಹೇಳಲಿ. ಸೈಟು ಮಾರಿ ಅಂತ ಕೇಳೋಕೆ ಧೈರ್ಯ ಇರೋ ಮಗನಿಗೆ ಇಷ್ಟು ಹೇಳೋಕೆ ಕಷ್ಟ ಆಗಬಾರದು.

ಇನ್ನು ಮೂರು ಸಲ ಸಂಬಳ ಬರೋ ತಿಂಗಳಿನ ವಿಷಯ. ಎರಡು ವಾರಕ್ಕೊಮ್ಮೆ ಅಂದರೆ ವರ್ಷಕ್ಕೆ 26 ಸಂಬಳ. ತಿಂಗಳಿಗೆರಡು ಅಂತ ಸಂಸಾರ ನಡೆಸಿದರೆ ಎರಡು ಸಂಬಳ ಹೆಚ್ಚಾಗಿ ಉಳಿಯುತ್ತೆ. ಅವು ಯಾವ ತಿಂಗಳು ಬೀಳುತ್ತೆ ಅಂತ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕು, ಒಂದೊಂದರಲ್ಲೂ 2,000 ಸಾಲಕ್ಕೆ. ತಿಂಗಳ 900, ಈ 4,000, ಊರಿನ ಕಡೆ ಉಳಿದ 200, ಎಲ್ಲಾ ಸೇರಿದರೆ ಮಿಕ್ಕ 11,200 ಬಡ್ಡಿ ಸಮೇತ ಒಂದು ವರ್ಷದೊಳಗೆ ತೀರುತ್ತೆ. ಬಾಣಂತನದ ಖರ್ಚು ಅಡ್ಡ ಬಂದರೂ ಒಂದೂಕಾಲು ವರ್ಷ.

ಕನಿಷ್ಠ ಮೊತ್ತವನ್ನ ಮಾತ್ರ ನಂಬಬೇಡ. 2009ರ ಕಾರ್ಡ್ ಕಾಯ್ದೆಯ ಪ್ರಕಾರ ಪ್ರತಿ ಸ್ಟೇಟ್‌ಮೆಂಟಿನಲ್ಲೂ ಒಂದು ಚೌಕ ಇರಬೇಕು: ಕನಿಷ್ಠ ಮಾತ್ರ ಕಟ್ಟಿದರೆ ಸಾಲ ತೀರೋಕೆ ಎಷ್ಟು ಕಾಲ, 36 ತಿಂಗಳಲ್ಲಿ ತೀರಿಸೋಕೆ ತಿಂಗಳಿಗೆ ಎಷ್ಟು. ನಿನ್ನ 6,200ಕ್ಕೆ ಈಗಿನ ಕನಿಷ್ಠ 186. ಸಾಲ ಇಳಿದಂತೆ ಅದೂ ಇಳೀತಾ ಹೋಗುತ್ತೆ, ಇಳಿಯೋದೇ ಅದರ ಮೋಸ. ಹಾಗೇ ಕಟ್ಟಿದರೆ ಹದಿನೆಂಟು ವರ್ಷ ದಾಟುತ್ತೆ. ಇಳಿಸದೆ ತಿಂಗಳಿಗೆ 243 ಕಟ್ಟಿದರೆ ಮೂರೇ ವರ್ಷ.

ಬ್ಯಾಂಕಿಗೆ ಒಂದು ಫೋನ್ ಮಾಡಿ ನೋಡಿ. ಹಾರ್ಡ್‌ಶಿಪ್ ಪ್ರೋಗ್ರಾಂ (ಕಷ್ಟದಲ್ಲಿರೋರಿಗೆ ರಿಯಾಯಿತಿ) ಇದೆಯಾ, ಬಡ್ಡಿ ಇಳಿಸ್ತೀರಾ ಅಂತ ಕೇಳಿದರೆ ಕೆಲವರು ಒಪ್ತಾರೆ, ಕೆಲವರು ಇಲ್ಲ ಅಂತಾರೆ. ಕೇಳೋಕೆ ದುಡ್ಡು ಕೊಡಬೇಕಾಗಿಲ್ಲ. 5,000ವನ್ನ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಕಾರ್ಡಿಗೆ, ಅಂದರೆ ಹಳೇ ಕಾರ್ಡಿನ ಬಾಕಿಯನ್ನ ವರ್ಗಾಯಿಸಿಕೊಳ್ಳೋ ಹೊಸ ಕಾರ್ಡಿಗೆ, ಹಾಕಿದರೆ ಶೇ 3ರಿಂದ 5 ಶುಲ್ಕ, ಅಂದರೆ 150ರಿಂದ 250; ಆಮೇಲೆ ಒಂದು ವರ್ಷವೋ ಒಂದೂವರೆ ವರ್ಷವೋ ಬಡ್ಡಿ ಇಲ್ಲ. ಕ್ರೆಡಿಟ್ ಸ್ಕೋರ್ ಸಾಲದಿದ್ದರೆ ಕೊಡಲ್ಲ, ಅಪ್ಲೈ ಮಾಡುವ ಮುಂಚೆ ಅವರ ವೆಬ್‌ಸೈಟಿನಲ್ಲಿ ಪ್ರೀಕ್ವಾಲಿಫೈ, ಅಂದರೆ ಕಾರ್ಡು ಸಿಗಬಹುದಾ ಅಂತ, ನೋಡಿಕೊಳ್ಳಿ, ಅದರಿಂದ ಸ್ಕೋರಿಗೆ ಪೆಟ್ಟಿಲ್ಲ. ಫೆಡರಲ್ ಕ್ರೆಡಿಟ್ ಯೂನಿಯನ್‌ಗಳು, ಅಂದರೆ ನಮ್ಮ ಸಹಕಾರಿ ಬ್ಯಾಂಕಿನಂಥವು, ಸಾಮಾನ್ಯ ಸಾಲಕ್ಕೆ ಶೇ 18ರ ಮೇಲೆ ಬಡ್ಡಿ ಹಾಕುವ ಹಾಗಿಲ್ಲ, ಅದನ್ನೂ ವಿಚಾರಿಸಬಹುದು. ಕಂಪನಿಯ ನಿವೃತ್ತಿ ಉಳಿತಾಯವಾದ 401ಕೆಯಿಂದ ಸಾಲ ತೆಗೆಯೋ ಯೋಚನೆ ಬಿಡಿ. ಎಚ್-1ಬಿಯವರಿಗೆ ಕೆಲಸ ಹೋದರೆ 60 ದಿನದೊಳಗೆ ಬೇರೆ ಕೆಲಸ ಹುಡುಕೋ ಓಟ, ಅದೇ ಹೊತ್ತಿಗೆ ಆ ಸಾಲವೂ ಕುತ್ತಿಗೆಗೆ ಬರುತ್ತೆ. ನಿನ್ನ ಸಾಲ ಅರ್ಧಕ್ಕೆ ಇಳಿಸಿಕೊಡ್ತೀವಿ ಅನ್ನೋ ಜಾಹೀರಾತಿನ ಕಂಪನಿಗಳ ಹತ್ತಿರ ಹೋಗಲೇಬೇಡ: ಕಂತು ನಿಲ್ಲಿಸಿ ಅಂತಾರೆ, ಸ್ಕೋರ್ ಬೀಳುತ್ತೆ, ಮನ್ನಾ ಆದ ಮೊತ್ತ 1099-ಸಿ ಅನ್ನೋ ತೆರಿಗೆ ಫಾರಂನಲ್ಲಿ ಆದಾಯವಾಗಿ ತೆರಿಗೆಗೆ ಬರುತ್ತೆ. ನಿಜವಾಗಿ ಕೈ ಮೀರಿದರೆ ಎನ್‌ಎಫ್‌ಸಿಸಿ ಅನ್ನೋ ಒಕ್ಕೂಟಕ್ಕೆ ಸೇರಿದ ಲಾಭರಹಿತ ಸಲಹೆಗಾರರಿದ್ದಾರೆ, ಅವರೇ ಬ್ಯಾಂಕಿನ ಜೊತೆ ಮಾತಾಡಿ ಬಡ್ಡಿ ಇಳಿಸ್ತಾರೆ. ನಿಮಗೆ ಅದು ಬೇಕಾಗಲ್ಲ.

'ಸ್ವಲ್ಪ ಬಾಕಿ ಇಟ್ಟರೆ ಸ್ಕೋರ್ ಏರುತ್ತೆ ಅಂತ ಪಕ್ಕದವರು ಹೇಳಿದರು' ಅಂದಿದ್ದೀಯ. ಸುಳ್ಳು. ಬ್ಯಾಂಕಿನವರು ನೋಡೋ ಫೈಕೋ ಅನ್ನೋ ಕ್ರೆಡಿಟ್ ಸ್ಕೋರಿನಲ್ಲಿ ಶೇ 35 ಸಮಯಕ್ಕೆ ಕಟ್ಟಿದ್ದಕ್ಕೆ, ಶೇ 30 ಎಷ್ಟು ಬಾಕಿ ಇದೆ ಅನ್ನೋದಕ್ಕೆ. ಬಾಕಿ ಇಳಿದಷ್ಟೂ ಸ್ಕೋರ್ ಏರೋದೇ. ಈ ಪುರಾಣ ನಮ್ಮವರ ಪಾಟ್‌ಲಕ್ಕುಗಳಲ್ಲಿ ಪುಳಿಯೋಗರೆ ಜೊತೆ ಹಂಚಿಕೆ ಆಗ್ತಾನೇ ಇರುತ್ತೆ.

ನೀನು ಮನೆಯಲ್ಲೇ ಏನಾದರೂ ಮಾಡಿ ದುಡೀಲಾ ಅಂತ ಕೇಳಿದ್ದೀಯ: ಚಕ್ಕುಲಿ ಕೋಡುಬಳೆ ಆರ್ಡರ್, ಸೀರೆ ಮಾರಾಟ, ಮಕ್ಕಳನ್ನ ನೋಡಿಕೊಳ್ಳೋದು. ಎಲ್ಲರೂ ಮಾಡ್ತಾರೆ ಅಂತ ಹೇಳೋರಿರ್ತಾರೆ. ನೀನು ಮಾಡಬೇಡ. ಎಚ್-4ಗೆ ಕೆಲಸದ ಪರವಾನಗಿ 2015ರಿಂದ ಸಿಗ್ತಿದೆ, ಆದರೆ ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಒಪ್ಪಿಗೆಯಾಗಿದ್ದರೆ, ಇಲ್ಲವೇ ಆರು ವರ್ಷ ಮೀರಿ ವೀಸಾ ಮುಂದುವರಿದಿದ್ದರೆ ಮಾತ್ರ. ನಿಮ್ಮದಿನ್ನೂ ಶುರುವೇ ಆಗಿಲ್ಲ. ತಿಂಗಳಿಗೆ ಇನ್ನೂರು ಡಾಲರಿಗೆ ಇಡೀ ಮನೆಯ ಸ್ಟೇಟಸ್ ಒತ್ತೆ ಇಡೋದು ಬೇಡ.

ಈಗ ಹೆರಿಗೆ. ಆಸ್ಪತ್ರೆ ಬಿಲ್ಲನ್ನ ಯಾವ ಕಾರಣಕ್ಕೂ ಕಾರ್ಡಿಗೆ ಹಾಕಬೇಡ. ಇನ್ಶೂರೆನ್ಸ್‌ನವರು ಎಷ್ಟು ಕೊಟ್ಟರು, ನಿನ್ನ ಪಾಲೆಷ್ಟು ಅಂತ ತಿಳಿಸೋ ಇಒಬಿ ಪತ್ರ ಬಂದು ಬಿಲ್ಲಿನ ಜೊತೆ ತಾಳೆಯಾಗೋವರೆಗೆ ಏನೂ ಕಟ್ಟಬೇಡ. ಆಮೇಲೆ ಬಿಲ್ಲಿಂಗ್ ಆಫೀಸಿಗೆ ಫೋನ್ ಮಾಡಿ ಕಂತು ಮಾಡಿಕೊಡಿ ಅನ್ನು, ಬಡ್ಡಿಯಿಲ್ಲದೆ ಮಾಡಿಕೊಡೋ ಆಸ್ಪತ್ರೆಗಳು ಬಹಳ. ಲಾಭರಹಿತ ಆಸ್ಪತ್ರೆಯಾದರೆ ಬಿಲ್ ಕಟ್ಟಲಾಗದವರಿಗೆ ನೆರವಿನ ನಿಯಮ ಅವರು ಬರೆದಿಟ್ಟಿರಲೇಬೇಕು, ಕಾನೂನೇ ಇದೆ. ಅರ್ಜಿ ಕೇಳೋಕೆ ನಾಚಿಕೆ ಬೇಡ. ಮಗು ಹುಟ್ಟಿದ 30 ದಿನದೊಳಗೆ ಕಂಪನಿಯ ಇನ್ಶೂರೆನ್ಸಿಗೆ ಹೆಸರು ಸೇರಿಸಿ. ಇದನ್ನ ಮರೆತು ಹತ್ತಾರು ಸಾವಿರದ ಬಿಲ್ ಹಿಡಿದು ಕೂತವರನ್ನ ನೋಡಿದ್ದೀನಿ. ಇಲ್ಲಿ ಹುಟ್ಟಿದ ಮಗುವಿಗೆ ಸೋಷಿಯಲ್ ಸೆಕ್ಯೂರಿಟಿ ನಂಬರ್ ಬಂದರೆ 2025ರ ಲೆಕ್ಕದಿಂದ ಕಟ್ಟಬೇಕಾದ ತೆರಿಗೆಯಲ್ಲೇ 2,200 ಡಾಲರ್‌ವರೆಗೆ ಕಡಿಮೆಯಾಗುತ್ತೆ. ಅದರ ಬದಲು ಐಟಿಐಎನ್ ಅನ್ನೋ ತೆರಿಗೆ ನಂಬರ್ ಇರೋ ದೊಡ್ಡ ಮಗಳಿಗೆ 500. ಅದನ್ನ ಮುಂದಿನ ವರ್ಷದ ರೀಫಂಡ್ ಅಂತ ಕಾಯೋ ಬದಲು ಯಜಮಾನರು ಆಫೀಸಿನಲ್ಲಿ, ಸಂಬಳದಿಂದ ಎಷ್ಟು ತೆರಿಗೆ ಹಿಡೀಬೇಕು ಅಂತ ಹೇಳೋ ಡಬ್ಲ್ಯೂ-4 ಫಾರಂ ಬದಲಾಯಿಸಲಿ, ಪ್ರತಿ ಸಂಬಳದಲ್ಲೂ ಸ್ವಲ್ಪ ಹೆಚ್ಚು ಕೈಗೆ ಬರುತ್ತೆ. ಶೇ 24ಕ್ಕೆ ಸಾಲ ಹೊತ್ತವರು ಸರ್ಕಾರಕ್ಕೆ ಬಡ್ಡಿಯಿಲ್ಲದೆ ದುಡ್ಡು ಕೊಟ್ಟು ಕೂರೋದು ಯಾಕೆ?

ಅಮ್ಮ ಬಾಣಂತನಕ್ಕೆ ಬರ್ತಾರೆ, ಟಿಕೆಟ್ಟನ್ನ ಆರು ಕಂತಿನ ಆಪ್‌ನಲ್ಲಿ ತೆಗೀಲಾ ಅಂತ ಕೊನೇಲಿ ಕೇಳಿದ್ದೀಯ. ಬೇಡ. ಮೂರು ಸಲ ಸಂಬಳ ಬರೋ ಮೊದಲನೇ ತಿಂಗಳು ಹೆರಿಗೆಗೆ ಮುಂಚೆಯೇ ಬಂದರೆ ಆ ಸಲ ಸಾಲಕ್ಕೆ 2,000 ಬದಲು 700 ಹಾಕಿ, ಮಿಕ್ಕಿದ್ದರಲ್ಲಿ ಟಿಕೆಟ್ಟು ಮತ್ತು ಅಮ್ಮನ ವಿಸಿಟರ್ ಇನ್ಶೂರೆನ್ಸ್ ನಗದಾಗಿ ತೆಗೀರಿ. ಇನ್ಶೂರೆನ್ಸ್ ಬಿಟ್ಟು ಉಳಿಸೋಕೆ ಹೋಗಬೇಡ. ಅಮ್ಮನಿಗೆ ಬಿಪಿ, ಶುಗರ್ ಇದ್ದರೆ ಮೊದಲೇ ಇರೋ ಕಾಯಿಲೆಗೆ ಆ ಪಾಲಿಸಿ ಎಷ್ಟು ಕೊಡುತ್ತೆ ಅಂತ ಓದಿ ನೋಡಿ ತಗೋ, ಬಹಳಷ್ಟು ಪಾಲಿಸಿಗಳು ಕೊಡಲ್ಲ. ಮಾತ್ರೆಗಳನ್ನ ಡಾಕ್ಟರ ಚೀಟಿ ಸಮೇತ ತರಲಿ. ಈ ವಾರ ಫರ್ನಿಚರ್ ಕಾರ್ಡಿನ ಸ್ಟೇಟ್‌ಮೆಂಟ್ ತೆಗೆದು ಗಡುವು ಯಾವ ತಾರೀಖು ಅಂತ ನೋಡಿ ನನಗೆ ಬರಿ. ಎಫ್‌ಡಿ ಯಾವತ್ತು ಮುರೀಬೇಕು ಅನ್ನೋದು ಅದರ ಮೇಲೆ ನಿಂತಿದೆ.