ಆರು ದಿನ, ಸ್ವಂತ ಕಾರು: ಚಿತ್ರದುರ್ಗದಿಂದ ವಿಜಯಪುರದವರೆಗೆ ಏನು ನೋಡಬೇಕು, ಯಾವ ಹೊತ್ತಿಗೆ ನೋಡಬೇಕು?

ಡಿಸೆಂಬರ್ ಕೊನೆಯಲ್ಲಿ ಆರು ದಿನ ರಜೆ, ಸ್ವಂತ ಕಾರು, ಜೊತೆಗೆ ಎಪ್ಪತ್ತು ದಾಟಿದ ತಾಯಿ ಮತ್ತು ಇಬ್ಬರು ಮಕ್ಕಳು. ಬೆಂಗಳೂರಿನಿಂದ ಹೊರಟು ಚಿತ್ರದುರ್ಗ, ಹಂಪಿ, ಬಾದಾಮಿ, ವಿಜಯಪುರ ನೋಡಿಕೊಂಡು ಜೋಗದ ಮೇಲೆ ವಾಪಸಾಗಬಹುದೇ ಎಂದು ಕೇಳಿದ್ದೀರಿ.

ಜೋಗ ಬಿಡಿ. ವಿಜಯಪುರದಿಂದ ಅಲ್ಲಿಗೆ ಇಡೀ ಒಂದು ದಿನ ಕಾರಿನಲ್ಲೇ ಹೋಗುತ್ತದೆ. ಅಷ್ಟು ಮಾಡಿದರೂ ಡಿಸೆಂಬರಿನಲ್ಲಿ ಕಾಣುವುದು ಬಂಡೆ ಮೇಲೆ ಇಳಿಯುವ ತೆಳು ನೀರು ಮಾತ್ರ, ಏಕೆಂದರೆ ಶರಾವತಿಯನ್ನು ಮೇಲೆ ಲಿಂಗನಮಕ್ಕಿಯಲ್ಲಿ ವಿದ್ಯುತ್ತಿಗಾಗಿ ಕಟ್ಟಿ ಹಿಡಿದಿದ್ದಾರೆ. ಅದನ್ನು ಮಳೆಗಾಲಕ್ಕೆ ಬೇರೆಯಾಗಿ ಇಟ್ಟುಕೊಳ್ಳಿ.

ಉಳಿದ ನಾಲ್ಕು ಊರು ಆರು ದಿನಕ್ಕೆ ಹೊಂದುತ್ತವೆ. ಆದರೆ ಎಷ್ಟು ಜಾಗ ನೋಡುತ್ತೀರಿ ಎನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ನೋಡುತ್ತೀರಿ ಎನ್ನುವುದರ ಮೇಲೆ ಈ ಪ್ರವಾಸ ನಿಂತಿದೆ. ಬೆಳಿಗ್ಗೆ ಮತ್ತು ಸಂಜೆ ಕಲ್ಲು ನೋಡಿ, ನಡು ಮಧ್ಯಾಹ್ನ ಕಾರು ಓಡಿಸಿ. ಹನ್ನೆರಡರ ಬಿಸಿಲಿನಲ್ಲಿ ಕೆತ್ತನೆಗೆ ನೆರಳೇ ಇರುವುದಿಲ್ಲ, ಎಂಥ ಉಬ್ಬುಶಿಲ್ಪವೂ ಚಪ್ಪಟೆಯಾಗಿ ಕಾಣುತ್ತದೆ. ಓರೆಯಾಗಿ ಬಿಸಿಲು ಬಿದ್ದಾಗ ಅದೇ ಗೋಡೆಯಲ್ಲಿ ಬೆರಳು, ಒಡವೆ, ಸೀರೆಯ ನೆರಿಗೆ ಎಲ್ಲ ಎದ್ದು ಬರುತ್ತವೆ. ಚಳಿಗಾಲದಲ್ಲೂ ಮಧ್ಯಾಹ್ನ ಹಾಸುಗಲ್ಲು ಕಾಯುತ್ತದೆ, ಪೂಜೆ ನಡೆಯುವ ಗುಡಿಗಳಲ್ಲಿ ಚಪ್ಪಲಿ ಬಿಡಲೇಬೇಕು. ತಾಯಿಯವರಿಗೆ ಎರಡು ಜೊತೆ ದಪ್ಪ ಹತ್ತಿಯ ಕಾಲುಚೀಲ ಇಟ್ಟುಕೊಳ್ಳಿ. ಇನ್ನೊಂದು ಕಾರಣ ಶಾಲಾ ಪ್ರವಾಸದ ಬಸ್ಸುಗಳು. ಡಿಸೆಂಬರ್ ಅವರ ಕಾಲ, ಹೊತ್ತು ಏರಿದ ಮೇಲೆ ಎಲ್ಲ ಕಡೆಯೂ ಅವರದೇ ಸಾಲು.

ದಿನಾಂಕ ಗೊತ್ತುಮಾಡುವ ಮೊದಲು ಶುಕ್ರವಾರ ಎಲ್ಲಿ ಬೀಳುತ್ತದೆ ನೋಡಿ. ಕಮಲಾಪುರ, ಬಾದಾಮಿ, ಐಹೊಳೆ, ವಿಜಯಪುರದಲ್ಲಿರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಅಂದು ರಜೆ. ಸ್ಮಾರಕಗಳು ತೆರೆದಿರುತ್ತವೆ.

ಮೊದಲ ದಿನ ಬೆಳಿಗ್ಗೆ ಐದಕ್ಕೆ ಬೆಂಗಳೂರು ಬಿಡಿ. ನೆಲಮಂಗಲ, ತುಮಕೂರು ದಟ್ಟಣೆಗೆ ಮುಂಚೆ ದಾಟಿದರೆ ಚಿತ್ರದುರ್ಗದ 200 ಕಿ.ಮೀ. ತಿಂಡಿ ಸೇರಿ ನಾಲ್ಕು ಗಂಟೆಯ ಹಾದಿ. ಏಳು ಸುತ್ತಿನ ಕೋಟೆಯನ್ನು ಪೂರ್ತಿ ಹತ್ತಿ ಇಳಿಯಲು ಮೂರು ಗಂಟೆ ಬೇಕು. ಬಾಗಿಲುಗಳು ಒಂದರ ನೇರಕ್ಕೆ ಒಂದಿಲ್ಲ, ಪ್ರತಿಯೊಂದರ ಮುಂದೆ ದಾರಿ ತಿರುಗುತ್ತದೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದದಂತೆ ಮಾಡಿದ ಉಪಾಯ ಅದು. ಮಕ್ಕಳಿಗೆ ಇದನ್ನು ಅಲ್ಲೇ ನಿಲ್ಲಿಸಿ ತೋರಿಸಿ. ತಾಯಿಯವರು ಮೊದಲ ಬಾಗಿಲುಗಳವರೆಗೆ ನಿಧಾನವಾಗಿ ಬಂದು ನೆರಳಲ್ಲಿ ಕೂರಬಹುದು. ಒನಕೆ ಓಬವ್ವನ ಕಿಂಡಿಗೆ ಇಳಿಯುವ ಮೆಟ್ಟಿಲು ಮಾತ್ರ ಮಂಡಿನೋವು ಇದ್ದವರಿಗಲ್ಲ. ಮಧ್ಯಾಹ್ನ ಊಟ ಮುಗಿಸಿ ರಾಷ್ಟ್ರೀಯ ಹೆದ್ದಾರಿ 50 ಹಿಡಿದರೆ ಹೊಸಪೇಟೆಗೆ ಸುಮಾರು 135 ಕಿ.ಮೀ. ಅಲ್ಲೇ ಉಳಿದುಕೊಳ್ಳಿ. ಹಂಪಿ ಅಲ್ಲಿಂದ 13 ಕಿ.ಮೀ., ಕುಟುಂಬಕ್ಕೆ ಹೊಂದುವ ಲಾಡ್ಜುಗಳು ಹೊಸಪೇಟೆಯಲ್ಲೇ ಹೆಚ್ಚು. ಹೊತ್ತು ಮಿಕ್ಕಿದ್ದರೆ ಸೂರ್ಯ ಮುಳುಗುವ ಮೊದಲು ಹೇಮಕೂಟಕ್ಕೆ ಹೋಗಿ ಬನ್ನಿ. ಹತ್ತುವುದು ಅಲ್ಪ, ಕಾಣುವುದು ಅಪಾರ.

ಹಂಪಿಗೆ ಒಂದು ಪೂರ್ತಿ ದಿನ ಕೊಡಿ. ಇಲ್ಲಿ ಹೊಸಬರು ಹೊತ್ತು ಕಳೆದುಕೊಳ್ಳುವುದು ಒಂದೇ ಕಾರಣಕ್ಕೆ: ವಿರೂಪಾಕ್ಷ ಗುಡಿಯಿಂದ ವಿಠಲ ಗುಡಿಗೆ ನದಿ ದಂಡೆಯಲ್ಲಿ ಕಾಲುದಾರಿ ಇದೆ, ಕಾರಿನ ದಾರಿ ಇಲ್ಲ. ಕಾರು ಕಮಲಾಪುರದ ಮೇಲೆ ಸುತ್ತಿ ತಳವಾರಘಟ್ಟದ ಕಡೆ ಬರಬೇಕು. ಹಾಗಾಗಿ ಎರಡನ್ನೂ ಒಂದೇ ಹೊತ್ತಿಗೆ ಸೇರಿಸಬೇಡಿ. ಬೆಳಿಗ್ಗೆ ಟಿಕೆಟ್ ಕೊಡಲು ಶುರುಮಾಡುವ ಹೊತ್ತಿಗೇ ವಿಠಲ ಗುಡಿಯ ಪಾರ್ಕಿಂಗ್ ತಲುಪಿ. ಅಲ್ಲಿಂದ ಗುಡಿಗೆ ಸುಮಾರು ಒಂದು ಕಿ.ಮೀ. ಬ್ಯಾಟರಿ ಗಾಡಿ ಇದೆ. ಹೊತ್ತು ಹೆಚ್ಚಾದಂತೆ ಗಾಡಿಯ ಸಾಲೇ ದೊಡ್ಡ ಕೆಲಸವಾಗುತ್ತದೆ. ಕಲ್ಲಿನ ರಥವನ್ನು ಮಕ್ಕಳು 50 ರೂಪಾಯಿ ನೋಟಿನ ಹಿಂಬದಿಯೊಂದಿಗೆ ಹೋಲಿಸಿ ನೋಡಲಿ. ಸಂಗೀತ ಕಂಬಗಳನ್ನು ಬಡಿಯಲು ಬಿಡುವುದಿಲ್ಲ, ಬಡಿಯಲೂ ಬಾರದು.

ಟಿಕೆಟ್ ಬಿಸಾಡಬೇಡಿ. ಅದೇ ದಿನ ಕಮಲ ಮಹಲ್ ಮತ್ತು ಆನೆಲಾಯ ಇರುವ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಅದೇ ನಡೆಯುತ್ತದೆ. ಮಧ್ಯಾಹ್ನ ವಸ್ತುಸಂಗ್ರಹಾಲಯ ಇಟ್ಟುಕೊಳ್ಳಿ. ಅಲ್ಲಿ ಇಡೀ ಹಂಪಿಯ ಬೆಟ್ಟ, ನದಿ, ಗುಡಿಗಳ ದೊಡ್ಡ ಮಾದರಿ ಇದೆ, ಅದನ್ನು ನೋಡಿದ ಮೇಲೆ ಊರಿನ ವಿಸ್ತಾರ ತಲೆಯಲ್ಲಿ ಕೂರುತ್ತದೆ. ಮೂರೂವರೆಯ ಮೇಲೆ ಮಹಾನವಮಿ ದಿಬ್ಬ, ಅದರ ಪಕ್ಕದ ಮೆಟ್ಟಿಲು ಪುಷ್ಕರಣಿ. ಈ ಪುಷ್ಕರಣಿ 1980ರ ದಶಕದಲ್ಲಿ ಉತ್ಖನನದಿಂದ ಹೊರಬಂದದ್ದು. ಅದರ ಕಪ್ಪು ಕಲ್ಲುಗಳನ್ನು ಹತ್ತಿರದಿಂದ ನೋಡಿ: ಯಾವ ದಿಕ್ಕು, ಎಷ್ಟನೇ ಸಾಲು, ಎಲ್ಲಿ ಕೂರಬೇಕು ಎಂಬ ಗುರುತುಗಳನ್ನು ಕಲ್ಲುಕುಟಿಗರು ಕೊರೆದಿದ್ದಾರೆ. ಬೇರೆಡೆ ಕಡೆದು ತಂದು ಇಲ್ಲಿ ಜೋಡಿಸಿದ್ದಕ್ಕೆ ಅದೇ ಸಾಕ್ಷಿ. ನೂರಾರು ಜನ ಮೇಲೆ ನಿಂತು ಫೋಟೊ ತೆಗೆದು ಇದನ್ನು ಕಾಣದೆ ಹೋಗುತ್ತಾರೆ. 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ ಉಗ್ರನರಸಿಂಹ, ಪಕ್ಕದಲ್ಲಿ ಸದಾ ನೀರಲ್ಲಿ ನಿಂತ ಬಡವಿಲಿಂಗ, ಸಾಸಿವೆಕಾಳು ಗಣೇಶ ಇವೆಲ್ಲ ರಸ್ತೆ ಪಕ್ಕದಲ್ಲೇ ಇವೆ, ತಾಯಿಯವರಿಗೆ ಶ್ರಮವಿಲ್ಲ. ಅಂಜನಾದ್ರಿಗೆ 500ಕ್ಕೂ ಹೆಚ್ಚು ಮೆಟ್ಟಿಲು, ಜೊತೆಗೆ ನದಿಯಾಚೆ ಸುತ್ತಿ ಹೋಗಬೇಕು. ಈ ಸಲ ಬಿಡುವುದೇ ಸರಿ.

ಮೂರನೇ ದಿನ ಬಾದಾಮಿಗೆ ಹೋಗುವಾಗ ನಕ್ಷೆ ನಿಮಗೆ ಕುಷ್ಟಗಿ, ಗಜೇಂದ್ರಗಡದ ದಾರಿ ತೋರಿಸುತ್ತದೆ. ದೂರ ಕಡಿಮೆ ಎನ್ನುವುದು ನಿಜ. ಆದರೂ ಕೊಪ್ಪಳ, ಗದಗ, ರೋಣದ ಮೇಲೆ ಹೋಗಿ. ಈ ದಾರಿಯಲ್ಲಿ ಸಿಗುವ ಎರಡು ಊರುಗಳನ್ನು ನಮ್ಮವರು ಯಾಕೆ ಇಷ್ಟು ಕಡೆಗಣಿಸುತ್ತಾರೋ ತಿಳಿಯದು. ಕೊಪ್ಪಳ ದಾಟಿ ಹೆದ್ದಾರಿಯಿಂದ ಕುಕನೂರಿನ ಕಡೆ ಸ್ವಲ್ಪ ಒಳಗೆ ಹೋದರೆ ಇಟಗಿ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಅಲ್ಲಿದೆ. ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಶಾಸನವೇ ಕರೆದಿದೆ. ನಯವಾದ ಕಂಬಗಳ ಮೇಲೆ ಬೆರಳಾಡಿಸಿದರೆ ಕಡಗೋಲಿನಂತೆ ತಿರುಗಿಸಿ ಕಡೆದ ಗೆರೆಗಳು ಗೊತ್ತಾಗುತ್ತವೆ. ಗದಗಕ್ಕೆ 12 ಕಿ.ಮೀ. ಇರುವಾಗ ಲಕ್ಕುಂಡಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ, ಮುಸುಕಿನ ಬಾವಿ ಮೂರೇ ಸಾಕು. ಗುಡಿಗಳು ಊರಿನ ಮನೆಗಳ ನಡುವೆ ಹರಡಿವೆ, ಗಲ್ಲಿಗಳಲ್ಲಿ ಕಾರು ತಿರುಗಿಸುವುದು ಕಷ್ಟ. ಮುಖ್ಯ ರಸ್ತೆ ಬಳಿ ನಿಲ್ಲಿಸಿ ನಡೆಯಿರಿ. ಗದಗದಲ್ಲಿ ಊಟ, ಅಲ್ಲೇ ಪೆಟ್ರೋಲ್ ತುಂಬಿಸಿಕೊಂಡು 70 ಕಿ.ಮೀ. ಓಡಿಸಿದರೆ ಬಾದಾಮಿ.

ಇಲ್ಲಿಯ ರಸ್ತೆ ಬಗ್ಗೆ ಒಂದು ಮಾತು. ಇದು ಎರೆಭೂಮಿ. ಕಪ್ಪು ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಮೇಲಿನ ಡಾಂಬರು ಗುಂಡಿ ಬೀಳದಿದ್ದರೂ ಅಲೆ ಅಲೆಯಾಗಿ ಏಳುತ್ತದೆ. ದೂರದಿಂದ ನುಣ್ಣಗೆ ಕಾಣುವ ಹಾದಿಯಲ್ಲಿ 80ರ ವೇಗದಲ್ಲಿ ಹೋದರೆ ಹಿಂದೆ ಕೂತವರ ಸೊಂಟ ಉಳಿಯುವುದಿಲ್ಲ. ನಕ್ಷೆ ಹೇಳುವ ಹೊಲದ ಅಡ್ಡದಾರಿಗಳಿಗೆ ಇಳಿಯಲೇಬೇಡಿ. ಅಕಾಲಿಕ ಮಳೆ ಬಿದ್ದಿದ್ದರೆ ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಗಾಡಿ ಕದಲುವುದೇ ಇಲ್ಲ.

ಬಾದಾಮಿಯಲ್ಲಿ ಎರಡು ರಾತ್ರಿ. ನಾಲ್ಕನೇ ದಿನ ಬೆಳಿಗ್ಗೆ ತೆರೆದ ಕೂಡಲೇ ಗುಹೆಗಳಿಗೆ ಹೋಗಿ. ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಚೀಲ ಬೇಡ, ಮಂಗಗಳು ಬಿಡುವುದಿಲ್ಲ. ಮೊದಲ ಗುಹೆಗೆ ಹತ್ತುವುದು ಕೆಲವೇ ಮೆಟ್ಟಿಲು, ಅಲ್ಲಿಯ ಹದಿನೆಂಟು ಕೈಗಳ ನಟರಾಜನನ್ನು ತಾಯಿಯವರೂ ನೋಡಬಹುದು. ಎಡ ಬಲದ ಒಂದೊಂದು ಕೈಯನ್ನೇ ಉಳಿಸಿಕೊಂಡು ಬೇರೆಲ್ಲ ಮರೆತು ನೋಡಿದರೆ ಪ್ರತಿ ಸಲ ಬೇರೆ ಭಂಗಿ ಕಾಣುತ್ತದೆ, ಮಕ್ಕಳು ಇದಕ್ಕೆ ಬೇಗ ಒಗ್ಗುತ್ತಾರೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, 578ರ ಮಂಗಲೇಶನ ಶಾಸನ ಅಲ್ಲಿದೆ. ಅದರ ಸೂರಿನಡಿ ಬಣ್ಣದ ಚಿತ್ರಗಳ ಕುರುಹು ಇನ್ನೂ ಉಳಿದಿದೆ. ನಾಲ್ಕನೆಯದು ಜೈನರದು. ಒಟ್ಟು ಎರಡು ಗಂಟೆ ಸಾಕು. ಭೂತನಾಥ ಗುಡಿ ಅಗಸ್ತ್ಯ ತೀರ್ಥದ ಮೂಡಣ ದಂಡೆಯಲ್ಲಿದ್ದು ಪಡುವಣಕ್ಕೆ ಮುಖ ಮಾಡಿದೆ. ಅದಕ್ಕೆ ಸಂಜೆಯ ಬಿಸಿಲೇ ಚೆಂದ, ಹಾಗಾಗಿ ಅದನ್ನು ಮೂರನೇ ದಿನ ಊರು ತಲುಪಿದ ಸಂಜೆಗೇ ಇಟ್ಟುಕೊಳ್ಳಿ. ಆ ಕಡೆಯ ಬಂಡೆ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಎಂದು ಶಾಲೆಯಲ್ಲಿ ಓದಿದ ತ್ರಿಪದಿ ಇದೇ, ಸುಮಾರು 1300 ವರ್ಷ ಹಳೆಯದು. ದಾರಿ ಕೇಳಿಕೊಂಡು ಹೋಗಿ.

ಊಟಕ್ಕೆ 5 ಕಿ.ಮೀ. ದೂರದ ಬನಶಂಕರಿಗೆ ಹೋಗಿ. ಗುಡಿಯ ಬಳಿ ಬುಟ್ಟಿ ಇಟ್ಟುಕೊಂಡು ಕೂತ ತಾಯಂದಿರು ಜೋಳದ ರೊಟ್ಟಿ, ಪಲ್ಯ, ಚಟ್ನಿಪುಡಿ, ಗಟ್ಟಿ ಮೊಸರು ಬಡಿಸುತ್ತಾರೆ. ದರ ಮೊದಲೇ ಕೇಳಿ ಕೂರಿ. ನಿಮ್ಮ ರಜೆ ಜನವರಿಗೆ ಜಾರಿ ಬನದ ಹುಣ್ಣಿಮೆಯ ಜಾತ್ರೆಗೆ ಸಿಕ್ಕಿಬಿದ್ದರೆ ಬಾದಾಮಿಯಲ್ಲಿ ರೂಮು ಸಿಗುವುದಿಲ್ಲ. ಅಲ್ಲಿಂದ ಮಹಾಕೂಟ ನೋಡಿಕೊಂಡು ಮೂರರ ಹೊತ್ತಿಗೆ ಪಟ್ಟದಕಲ್ಲು. ಬಾದಾಮಿಯಿಂದ ನೇರ ಬಂದರೆ 22 ಕಿ.ಮೀ.

ಪಟ್ಟದಕಲ್ಲಿನಲ್ಲಿ ನೆಲ ಸಮತಟ್ಟು, ಹುಲ್ಲುಹಾಸು, ನೆರಳು, ವಯಸ್ಸಾದವರಿಗೆ ಇಡೀ ಪ್ರವಾಸದಲ್ಲೇ ಹಿತವಾದ ಜಾಗ. ಬಿಲ್ಲಿನಂತೆ ಬಾಗಿ ಮೇಲೇರುವ ಶಿಖರ ನಾಗರ, ಅಂತಸ್ತು ಅಂತಸ್ತಾಗಿ ಏರುವುದು ದ್ರಾವಿಡ. ಗಳಗನಾಥದ ಎದುರು ನಿಂತು ಹಾಗೇ ಸಂಗಮೇಶ್ವರದತ್ತ ತಿರುಗಿದರೆ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ. ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದನ್ನು ಅಲ್ಲೇ ಕಲ್ಲಿನಲ್ಲಿ ಬರೆದಿದ್ದಾರೆ. ಕಟ್ಟಿಸಿದವರ ಹೆಸರು ಎಲ್ಲೆಡೆ ಸಿಗುತ್ತದೆ, ಕಟ್ಟಿದವನ ಹೆಸರು ಅಪರೂಪ. ಒಳಗಿನ ಕಂಬಗಳಲ್ಲಿ ರಾಮಾಯಣ, ಭಾರತದ ಕಥೆಗಳು ಸಾಲಾಗಿವೆ, ಕತ್ತಲಿರುವುದರಿಂದ ಟಾರ್ಚ್ ಬೇಕು.

ಐದನೇ ದಿನ ಏಳಕ್ಕೇ ಬಾದಾಮಿ ಖಾಲಿ ಮಾಡಿ ಐಹೊಳೆಗೆ. ದುರ್ಗ ಗುಡಿಯ ಆವರಣ, ಲಾಡ್‌ಖಾನ್ ಗುಡಿ, ರಾವಣಫಡಿ ನೋಡಿ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಂಗತಿ ಹೇಳುವ 634ರ ರವಿಕೀರ್ತಿಯ ಶಾಸನ ಮೇಗುತಿ ಗುಡ್ಡದ ಮೇಲಿನ ಬಸದಿಯ ಗೋಡೆಯಲ್ಲಿದೆ, ಮಕ್ಕಳೊಂದಿಗೆ ಒಬ್ಬರು ಹತ್ತಿ ಬರಲಿ. ಹತ್ತೂವರೆಗೆ ಹೊರಟು ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಹುನಗುಂದದಲ್ಲಿ ಮತ್ತೆ ಹೆದ್ದಾರಿ 50 ಸೇರಿ. ಕೂಡಲಸಂಗಮ ದಾರಿಗೆ ಹತ್ತಿರವೇ; ಕೃಷ್ಣೆ, ಮಲಪ್ರಭೆ ಕೂಡುವಲ್ಲಿ ಬಸವಣ್ಣನವರ ಐಕ್ಯಸ್ಥಳ ನೀರಿನ ನಡುವೆ ಬಾವಿಯಂತೆ ಕಟ್ಟಿದ ಆವರಣದೊಳಗಿದೆ, ಮೆಟ್ಟಿಲಿಳಿದು ಹೋಗಬೇಕು. ಮೂರೂವರೆಯೊಳಗೆ ವಿಜಯಪುರ ಮುಟ್ಟಿದರೆ ಇಬ್ರಾಹಿಂ ರೋಜಾಕ್ಕೆ ಸರಿಯಾದ ಬೆಳಕು ಸಿಗುತ್ತದೆ.

ಆರನೇ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಗೋಳಗುಮ್ಮಟದ ಮುಂದಿರಿ. ಪಿಸುಮಾತಿನ ಮೊಗಸಾಲೆಯಲ್ಲಿ ಒಬ್ಬರು ಗೋಡೆಗೆ ಬಾಯಿ ಹತ್ತಿರ ಹಿಡಿದು ಮಾತಾಡಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿ ಕೊಟ್ಟವರಿಗೆ ಕೇಳಬೇಕು. ಹತ್ತು ಗಂಟೆಗೆ ಹೋದವರಿಗೆ ಕೇಳುವುದು ಕಿರುಚಾಟ ಮಾತ್ರ, ಏಕೆಂದರೆ ಒಂದು ಸದ್ದು ಹಲವು ಬಾರಿ ಮರುಗುಡುಗಿ ಇನ್ನೊಬ್ಬರ ಸದ್ದಿನೊಳಗೆ ಕಲೆಸಿಹೋಗುತ್ತದೆ. ಮೂಲೆಯ ಗೋಪುರದ ಮೆಟ್ಟಿಲು ಕಿರಿದು, ಎತ್ತರ, ಏಳು ಅಂತಸ್ತು. ತಾಯಿಯವರು ಕೆಳಗೆ ಗುಮ್ಮಟದಡಿ ಕೂತು ಮೇಲೆ ನೋಡಿದರೂ ಸಾಕು, ಒಂದೂ ಕಂಬವಿಲ್ಲದೆ ನಿಂತದ್ದು ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಒಂಬತ್ತಕ್ಕೆ ವಿಜಯಪುರ ಬಿಡಬೇಕು, ಬೆಂಗಳೂರು 520 ಕಿ.ಮೀ.ಗೂ ಹೆಚ್ಚು. ಕಾರು ಓಡಿಸುವವರು ಇಬ್ಬರಿದ್ದರೆ ಮಾತ್ರ ಇದನ್ನು ಮಾಡಿ. ನೀವೊಬ್ಬರೇ ಆದರೆ ವಿಜಯಪುರ ಕೈಬಿಟ್ಟು ಐದನೇ ದಿನ ಐಹೊಳೆಯಿಂದಲೇ ತಿರುಗಿ, ರಾತ್ರಿ ಚಿತ್ರದುರ್ಗದಲ್ಲಿ ಉಳಿಯಿರಿ. ದಣಿದು ರಾತ್ರಿ ತುಮಕೂರು ರಸ್ತೆಯ ಲಾರಿಗಳ ನಡುವೆ ಓಡಿಸುವಂಥ ಅಗತ್ಯ ಯಾವ ಗುಮ್ಮಟಕ್ಕೂ ಇಲ್ಲ.

ಬಾಗಲಕೋಟೆ, ವಿಜಯಪುರ ಕಡೆ ಕತ್ತಲಾದ ಮೇಲೆ ಕಾರು ಓಡಿಸಬೇಡಿ. ಅದು ಕಬ್ಬಿನ ಹಂಗಾಮು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್ ಕಟ್ಟಿರುತ್ತಾರೆ, ಅಂಚು ಮೀರಿ ಕಬ್ಬು ಚಾಚಿರುತ್ತದೆ, ಹಿಂದಿನ ದೀಪ ಅನೇಕ ಗಾಡಿಗಳಲ್ಲಿ ಇರುವುದಿಲ್ಲ. ಹಗಲಲ್ಲಿ ಹಳ್ಳಿ ರಸ್ತೆಯ ಮೇಲೆ ಒಕ್ಕಣೆಗೆ ಹುರುಳಿ, ಜೋಳ ಹರಡಿದ್ದರೆ ತೆಳುವಾಗಿರುವ ಬದಿಯಲ್ಲಿ ನಿಧಾನವಾಗಿ ದಾಟಿ. ಹುರುಳಿ ಬಳ್ಳಿ ಚಕ್ರದ ಆಕ್ಸಲ್ಲಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿದರೆ ಕಾರಿಗೇ ಬೆಂಕಿ ಹೊತ್ತುತ್ತದೆ. ದಾಟಿದ ಮೇಲೆ ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಎಂಜಿನ್ ಆರಿಸಿ ಅಡಿಯಲ್ಲಿ ಬಗ್ಗಿ ನೋಡಿ. ಐದು ಲೀಟರಿನ ಒಂದು ನೀರಿನ ಕ್ಯಾನ್ ಯಾವಾಗಲೂ ಡಿಕ್ಕಿಯಲ್ಲಿರಲಿ.